ಹಿಂದಿನ ಹೌಸಿಂಗಿನ ಸಪ್ಪಳ ಕೇಳಲು ಹನ್ನೊಂದು ನಿಮಿಷ ಕರೆಂಟ್ ತೆಗೆಯುವ ಕುರಿತು

ಗೆ,
ಮಾನ್ಯ ಶಾಖಾಧಿಕಾರಿಗಳು,
ನಮ್ಮ ಓಣಿಗೆ ಕರೆಂಟ್ ಕೊಡುವ ಶಾಖೆ,
ಬನಹಟ್ಟಿ.

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಿಬ್ಬಂದಿಗೂ, ಕಂಬ ಹತ್ತುವವರಿಗೂ, ಅವರ ಏಣಿ ಹಿಡಿದು ಕೆಳಗೆ ನಿಂತು ಸಲಹೆ ಕೊಡುವವರಿಗೂ ಈ ಓಣಿಯವನ ಕೈಮುಗಿದ ನಮಸ್ಕಾರಗಳು. ತಾವು ಕ್ಷೇಮವೆಂದು ತಿಳಿದಿದ್ದೇನೆ, ಏಕೆಂದರೆ ತಮ್ಮ ಕೋಣೆಯ ಫ್ಯಾನು ತಿರುಗುತ್ತಿರುವುದನ್ನು ನಿನ್ನೆಯೂ ಕಿಟಕಿಯಿಂದ ಕಂಡೆ. ಇದೇ ವಿಷಯದ ನನ್ನ ಹಿಂದಿನ ಎರಡು ಅರ್ಜಿಗಳು ತಮ್ಮ ಕಚೇರಿಯಲ್ಲಿ ಸುಖವಾಗಿ ವಿಶ್ರಾಂತಿ ಪಡೆಯುತ್ತಿರುವುದರಿಂದ, ಮೂರನೆಯದಕ್ಕಾದರೂ ಸ್ವಲ್ಪ ಗಾಳಿ ಬೆಳಕು ಸಿಗಲಿ ಎಂದು ಇದನ್ನು ಬಹಿರಂಗವಾಗಿ ಬರೆದು, ಒಂದು ಪ್ರತಿಯನ್ನು ಚಹಾದ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅದನ್ನು ಓದಿದವರು ತಮಗೆ ಏನಾದರೂ ಅಂದರೆ ನಾನು ಹೊಣೆಯಲ್ಲ; ಗೋಡೆ ಕೊಟ್ಟವರು ಹೊಣೆ.

ನಾನು ಸಾತಪ್ಪ. ಹತ್ತೊಂಬತ್ತು ವರ್ಷ ಕಂಡವರ ಪವರ್‌ಲೂಮುಗಳ ನಡುವೆ ನಿಂತು ನೇಯ್ದವನು, ನಾಲ್ಕು ವರ್ಷಗಳಿಂದ ಒಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು, ಮನೆಯಲ್ಲಿ ಮಗ್ಗ ಇಟ್ಟವರಿಗೆ ನೂಲು ಸುತ್ತಿದ ಉರುಳೆ, ಅಂದರೆ ಬೀಮು ಮುಟ್ಟಿಸಿ, ಅವರು ನೇಯ್ದ ಸೀರೆಗಳನ್ನು ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ಒಯ್ಯುವವನು. ನನ್ನ ಹೆಂಡತಿ ರಾಧಿಕಾ ಮನೆಯ ಮುಂದಿನ ಕೋಣೆಯಲ್ಲಿ ತನ್ನದೇ ಒಂದು ಮಗ್ಗ ನಡೆಸುತ್ತಾಳೆ. ಆ ಮಗ್ಗ ಅವಳ ತವರಿನ ಎಮ್ಮೆ ಮಾರಿ ತಂದದ್ದು, ಅದರ ಮೇಲೆ ನನ್ನ ಹಕ್ಕು ಬೆಳಿಗ್ಗೆ ಎಣ್ಣೆ ಬಿಡುವಷ್ಟು ಮಾತ್ರ. ಈ ಪತ್ರದ ತುಂಬ ಆ ಮಗ್ಗದ ಪ್ರಾಣವೇ ತೂಗಾಡುತ್ತಿದೆ ಎಂಬುದನ್ನು ತಾವು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಬೇಕು.

ನನ್ನ ದೂರು ಇಷ್ಟೇ. ಕಳೆದ ನಾಲ್ಕೂವರೆ ತಿಂಗಳಿಂದ, ಒಂದು ಹನ್ನೊಂದು ನಿಮಿಷ ಬಿಟ್ಟರೆ, ನಮ್ಮ ಓಣಿಯಲ್ಲಿ ಕರೆಂಟ್ ಹೋಗಿಲ್ಲ.

ತಾವು ಈ ಸಾಲನ್ನು ಎರಡು ಸಲ ಓದಿದ್ದೀರಿ ಎಂದು ನನಗೆ ಗೊತ್ತು. ತಮ್ಮ ಕಚೇರಿಯ ಗುಮಾಸ್ತ ವೀರೇಶರೂ ಎರಡು ಸಲ ಓದಿದರು. ಹೊಸ ಲೈನು ಎಳೆದಂದಿನಿಂದ ತಾವು ತೋರಿದ ಕರ್ತವ್ಯನಿಷ್ಠೆಯನ್ನು ಕಂಡು ಊರಿಗೆ ಊರೇ ಬೆರಗಾಗಿದೆ. ಹಿಂದಿನ ಅಧಿಕಾರಿಗಳು ಎಂಥ ಸಹೃದಯರಾಗಿದ್ದರು ಎಂದರೆ ದಿನಕ್ಕೆ ನಾಲ್ಕು ಸಲ, ಮಳೆ ಹನಿದರೆ ಆರು ಸಲ, ಮೋಡ ಬರೀ ಮುಖ ತೋರಿಸಿದರೂ ಒಂದು ಸಲ ಕರೆಂಟ್ ತೆಗೆಯುತ್ತಿದ್ದರು. ಆ ಹೊತ್ತಿಗೆ ಮಗ್ಗಗಳೆಲ್ಲ ನಿಂತು, ನೇಕಾರರೆಲ್ಲ ಕಟ್ಟೆಗೆ ಬಂದು ಕುಳಿತು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು. ಎಷ್ಟೋ ಮದುವೆಗಳು ಆ ಬಿಡುವಿನಲ್ಲೇ ಗೊತ್ತಾದವು. ತಾವು ಬಂದಿರಿ, ಎಲ್ಲವನ್ನೂ ನಿಲ್ಲಿಸಿಬಿಟ್ಟಿರಿ. ಇದರಿಂದ ಯಾರಿಗೆ ಲಾಭವಾಯಿತೋ ಅವರು ತಮಗೆ ಹಾರ ಹಾಕಲಿ, ನನ್ನ ಗಾಡಿಯ ಹಿಂಭಾಗಕ್ಕೆ ಮಾತ್ರ ತಮ್ಮಿಂದ ದೊಡ್ಡ ಅನ್ಯಾಯವಾಗಿದೆ.

ವಿವರ ಹೀಗಿದೆ. ದೀಪಾವಳಿ ಮುಗಿದ ವಾರ ಹಿಪ್ಪರಗಿಯಲ್ಲಿ ಎರಡು ಬೀಮು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗ ಹಿಂದುಗಡೆಯಿಂದ ಗುಂಯ್ ಎಂಬ ಸಣ್ಣ ಸಪ್ಪಳ ಕೇಳಿತು. ಗಾಡಿ ಜೋರು ಓಡಿಸಿದರೆ ಅದು ಅಡಗುತ್ತಿತ್ತು, ನಿಧಾನ ಮಾಡಿದರೆ ಮತ್ತೆ ಏಳುತ್ತಿತ್ತು, ಬನಹಟ್ಟಿಯ ಹೊಸ್ತಿಲಿಗೆ ಬಂದೊಡನೆ ಪೂರ್ತಿ ಮಾಯವಾಗುತ್ತಿತ್ತು. ಗಾಡಿಗೂ ತನ್ನೂರು ಎಂದರೆ ಪ್ರೀತಿ ಇರಬೇಕು ಎಂದುಕೊಂಡು ನಾಲ್ಕು ದಿನ ಸುಮ್ಮನಿದ್ದೆ. ಆಮೇಲೆ ಗಲಗಲಿಯ ಹೊಳೆದಂಡೆಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ನೀರು ಕುಡಿಯಲು ಕುಳಿತರೂ ಗುಂಯ್ ಎಂದಿತು. ಆಗ ನನಗೆ ಖರೇ ಅಂಜಿಕೆ ಬಂತು.

ಹೌಸಿಂಗ್ ಎಂದರೆ ಏನೆಂದು ತಮಗೆ ತಿಳಿಯದಿದ್ದರೆ ಅದು ತಮ್ಮ ತಪ್ಪಲ್ಲ. ತಮ್ಮ ಜೀಪಿಗೆ ಸರಕಾರಿ ಡ್ರೈವರ್ ಇದ್ದಾನೆ. ಹಿಂದಿನ ಎರಡು ಗಾಲಿಗಳ ನಡುವೆ ಹೊಟ್ಟೆ ಉಬ್ಬಿದ ಒಂದು ಕಬ್ಬಿಣದ ಗಡಿಗೆ ಇರುತ್ತದೆ. ಅದರೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡು ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಹಲ್ಲುಗಾಲಿಗಳು ಒಂದನ್ನೊಂದು ಕಚ್ಚಿ ತಿರುಗುತ್ತವೆ, ಅಲ್ಲಿಂದ ಎಡಬಲಕ್ಕೆ ಆಕ್ಸಲ್ ಸರಳುಗಳು ಹೋಗಿ ಗಾಲಿಗಳನ್ನು ತಿರುಗಿಸುತ್ತವೆ. ಅಲ್ಲಿ ಹಲ್ಲು ಮುರಿದರೆ ಗಾಡಿ ನಡುದಾರಿಯಲ್ಲಿ ಕೂತುಬಿಡುತ್ತದೆ, ಅದರ ಜೊತೆಗೆ ಅದನ್ನು ನಂಬಿದ ನನ್ನಂಥವನೂ ಕೂರುತ್ತಾನೆ.

ನಮ್ಮ ಕಡೆಯ ಪದ್ಧತಿ ತಮಗೆ ಗೊತ್ತಿರಬೇಕು. ಸಪ್ಪಳ ಬಂದರೆ ಮೊದಲು ಸಾಮಾನು ತರುತ್ತೇವೆ, ಆಮೇಲೆ ಅದು ಯಾವುದಕ್ಕೆ ಬೇಕಿತ್ತು ಎಂದು ಹುಡುಕುತ್ತೇವೆ. ನಾನೂ ಈ ಮಣ್ಣಿನವನೇ, ಸಂಪ್ರದಾಯ ಮೀರಲಿಲ್ಲ. ನಮ್ಮ ಓಣಿಯ ಎಲ್ಲ ಮಗ್ಗಗಳ ರಿಪೇರಿ ಮಾಡುವ ಜಾಬರ್ ದುರಗೇಶ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಗಾಲಿಗೆ ಕಿವಿ ಹಚ್ಚಿ, ಒಂದು ಎಲೆ ಅಡಿಕೆ ಮುಗಿಯುವುದರೊಳಗೆ ತೀರ್ಪು ಕೊಟ್ಟ: “ಬೇರಿಂಗ್ ಹೋಗ್ಯಾವ ಮಾಮಾ, ಇದರಾಗ ಕೇಳೂದೇನೈತಿ.” ಎಂಜಿನ್ ಬಂದ್ ಮಾಡಿದರೂ ಸಪ್ಪಳ ಏಕೆ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ, “ಬಿಸಿ ಇರೂತನಾ ಒಳಗ ಹಾಡತೈತಿ, ಮಗ್ಗ ಹಾಡೂದಿಲ್ಲೇನು” ಅಂದ. ಕೂಡಿದ್ದ ಮಂದಿಯೆಲ್ಲ ಒಬ್ಬೊಬ್ಬರಾಗಿ ಗಾಲಿಗೆ ಕಿವಿ ಕೊಟ್ಟು ನೋಡಿ ಹೌದು ಹೌದು ಎಂದರು. ಒಬ್ಬನಾದರೂ ತನಗೆ ಕೇಳಲಿಲ್ಲ ಎಂದಿದ್ದರೆ ಈ ಪತ್ರದ ಅರ್ಧ ಕಾಗದ ಉಳಿಯುತ್ತಿತ್ತು.

ಎರಡೂ ಕಡೆಯ ಬೇರಿಂಗ್ ತಂದು ಹಾಕಿಸಿದೆ. ತೆಗೆದ ಹಳೆಯವು ಹೊಸ ಬೆಳ್ಳಿ ಕಾಲುಂಗುರದ ಹಾಗೆ ಮಿನುಗುತ್ತಿದ್ದವು. ಸಪ್ಪಳ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆಗ ಜಮಖಂಡಿಯ ಸ್ಪೇರ್ ಪಾರ್ಟ್ಸ್ ವ್ಯಾಪಾರಿ ಬಾಳಾಸಾಹೇಬರನ್ನು ಕಂಡೆ. ಇವರು ದೊಡ್ಡ ಅನುಭವಿಗಳು, ಗಾಡಿ ನೋಡಲು ದುಡ್ಡಿನ ಗಲ್ಲೆ ಬಿಟ್ಟು ಏಳಬೇಕಾದ ಅಗತ್ಯವೇ ಅವರಿಗೆ ಬಿದ್ದಿಲ್ಲ. ಮೊದಲ ಸಲ ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದ ಶಾಫ್ಟಿನ ಕೀಲಾದ ಕ್ರಾಸು ಕೊಟ್ಟರು, ಎರಡನೆಯ ಸಲ ಕ್ರೌನ್ ಪಿನಿಯನ್ ಜೋಡಿಯನ್ನೇ ಕೊಟ್ಟರು. ಮೂರನೆಯ ಸಲ ನಾನು ಊರಿನಿಂದಲೇ ಫೋನು ಮಾಡಿ, ಅದನ್ನು ಗಾಲಿಯ ಹತ್ತಿರ ಹಿಡಿದಾಗ, ಅವರು ಅಷ್ಟು ದೂರದಿಂದಲೇ “ಕೇಳಸ್ತು, ಕೇಳಸ್ತು, ಪೂರಾ ಹೌಸಿಂಗ್ ಹೋಗೈತ್ರಿ ಸಾತಪ್ಪ” ಎಂದರು. ಅಪಘಾತವಾದ ಗಾಡಿಯೊಂದರಿಂದ ಬಿಚ್ಚಿದ, ಹೆಚ್ಚು ಓಡಿರದ ಅಖಂಡ ಹೌಸಿಂಗ್ ಒಂದು ತಮ್ಮಲ್ಲಿ ಇದೆಯೆಂದೂ, ಬರುವ ಸೋಮವಾರದವರೆಗೆ ನನ್ನ ಸಲುವಾಗಿ ತೆಗೆದಿಡುವುದಾಗಿಯೂ ಹೇಳಿದರು. ಅಷ್ಟು ದೂರದಿಂದ ಎಂಥ ಕಿವಿ ಸ್ವಾಮಿ ಅವರದು. ವ್ಯಾಪಾರ ಮಾಡುವವರಿಗೆ ದೇವರು ಕಿವಿಯನ್ನು ಬೇರೆ ಅಚ್ಚಿನಲ್ಲಿ ಎರೆಯುತ್ತಾನೆ.

ಅಖಂಡ ಹೌಸಿಂಗ್ ತರುವಷ್ಟು ಮನೆಯಲ್ಲಿ ಮಾರಬಹುದಾದದ್ದು ರಾಧಿಕಾಳ ಮಗ್ಗ ಒಂದೇ. ಈ ಮಾತನ್ನು ನಾನು ಊಟದ ಹೊತ್ತಿಗೆ, ರೊಟ್ಟಿ ಮುರಿಯುತ್ತ, ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದೆ. ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕೈ ತೊಳೆದುಕೊಂಡು ಬಂದು ಇಷ್ಟೇ ಅಂದಳು: “ಮೂರ ಸಾಮಾನ ತಂದ್ರಿ, ಮೂರೂ ಸುಳ್ಳಾದವು. ನನ್ನ ಮಗ್ಗ ಒಯ್ಯೂಕಿಂತ ಮೊದಲ ಒಮ್ಮಿ ಜಕ್ಕಪ್ಪ ಕಾಕಾನ ಕಿವಿಗೆ ಹಾಕ್ಕೊಂಡ ಬರ್ರಿ. ಅವರು ಹೌದಂದ್ರ ನಾನ ಬಿಚ್ಚಿ ಕೊಡತೇನಿ.” ಬಿಚ್ಚಿ ಕೊಡುತ್ತೇನೆ ಎನ್ನುವಾಗ ಅವಳು ಮಗ್ಗದ ಕಡೆ ನೋಡಲಿಲ್ಲ.

ಜಕ್ಕಪ್ಪನವರು ನಮ್ಮ ಓಣಿಯ ತುದಿಯಲ್ಲಿ, ಎರಡು ಲೂಮ್ ಶೆಡ್ಡುಗಳ ನಡುವೆ, ನೆಲದಲ್ಲಿ ಒಂದು ಗುಂಡಿ ತೋಡಿಕೊಂಡು ನಲವತ್ತು ವರ್ಷಗಳಿಂದ ಗಾಡಿ ರಿಪೇರಿ ಮಾಡುವ ಮಿಸ್ತ್ರಿ. ಗಾಡಿ ಮೇಲೆ ನಿಂತರೆ ಅವರು ಗುಂಡಿಯೊಳಗೆ ನಿಂತು ನೋಡುತ್ತಾರೆ. ಅವರ ಹತ್ತಿರ ಮಂದಿ ಹೋಗುವುದು ಕಡಿಮೆ, ಏಕೆಂದರೆ ಅವರು ಸಾಮಾನಿನ ಚೀಟಿ ಬರೆಯುವುದಿಲ್ಲ. “ನೋಡೂದು, ಮುಟ್ಟೂದು, ಕೇಳೂದು. ಮೂರೂ ಆದ ಮ್ಯಾಲ ಚೀಟಿ” ಎನ್ನುವುದು ಅವರ ನಿಯಮ, ಅಷ್ಟು ಹೊತ್ತು ಕಾಯುವ ತಾಳ್ಮೆ ನಮ್ಮೂರಿನಲ್ಲಿ ಸದ್ಯಕ್ಕೆ ಎಮ್ಮೆಗಳಿಗೆ ಮಾತ್ರ ಉಳಿದಿದೆ.

ಮೊದಲನೆಯ ದಿನ ಅವರು ಬ್ಯಾಟರಿ ಹಿಡಿದುಕೊಂಡು ಬರೀ ನೋಡಿದರು. ಎಡಗಾಲಿಯ ಒಳಮೈಗೆ ಎಣ್ಣೆ ಸಿಡಿದಿತ್ತು. ಅದು ಏಕೆಂದು ಹುಡುಕುತ್ತ ಹೋಗಿ, ಹೌಸಿಂಗಿನ ನೆತ್ತಿಯ ಮೇಲೆ ಒಳಗಿನ ಬಿಸಿಗಾಳಿ ಹೊರಬೀಳಲು ಇರುವ ಸಣ್ಣ ನಳಿಗೆಯಲ್ಲಿ ನೂಲಿನ ಧೂಳು ಬತ್ತಿಯಂತೆ ಹೊಸೆದುಕೊಂಡು ಕೂತಿರುವುದನ್ನು ಕಂಡುಹಿಡಿದರು. ಗಾಳಿಗೆ ದಾರಿ ಇಲ್ಲದೆ ಅದು ಎಣ್ಣೆಯನ್ನು ಆಕ್ಸಲ್ ತುದಿಯ ರಬ್ಬರ್ ಸೀಲಿನ ಕಡೆಯಿಂದ ದೂಡುತ್ತಿತ್ತಂತೆ. ಒಂದು ಸೇಫ್ಟಿ ಪಿನ್ನಿನಿಂದ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು. ಎರಡನೆಯ ದಿನ ಮುಟ್ಟಿದರು. ಜಾಕ್ ಹಚ್ಚಿ ಗಾಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದರು, ಒಂದು ಗಾಲಿ ಹಿಡಿದು ಇನ್ನೊಂದು ತಿರುಗಿಸಿದರು, ಹೌಸಿಂಗಿನ ಎಣ್ಣೆಯನ್ನೆಲ್ಲ ಇಳಿಸಿ ಬಿಳಿ ಅರಿವೆಯಲ್ಲಿ ಸೋಸಿ, ಅದರೊಳಗೆ ಅಯಸ್ಕಾಂತ ಆಡಿಸಿದರು. ಒಳಗೆ ಹಲ್ಲು ಸವೆದಿದ್ದರೆ ಕಬ್ಬಿಣದ ಚೂರು ಅಂಟಿಕೊಂಡು ಮೇಲೆ ಬರಬೇಕಂತೆ. ಒಂದು ಚೂರೂ ಬರಲಿಲ್ಲ. “ನೋಡಿದ್ದು ಛಲೋ ಐತಿ, ಮುಟ್ಟಿದ್ದು ಛಲೋ ಐತಿ, ಇನ್ನ ಕೇಳೂದೊಂದ ಉಳೀತು” ಎಂದು ಉದ್ದನೆಯ ಕಬ್ಬಿಣದ ಸರಳು ತೆಗೆದು, ಒಂದು ತುದಿ ಹೌಸಿಂಗಿಗೂ ಇನ್ನೊಂದು ತುದಿ ತಮ್ಮ ಕಿವಿಗೂ ಹಚ್ಚಿದರು. ಹಚ್ಚಿದವರು ಹಾಗೆಯೇ ತೆಗೆದರು. ಎಡಬಲದ ಶೆಡ್ಡುಗಳಲ್ಲಿ ಹಗಲು ರಾತ್ರಿ ನಡೆಯುವ ನಲವತ್ತು ಮಗ್ಗಗಳ ಖಟಖಟ ನೆಲದಿಂದ ಜಾಕಿಗೆ, ಜಾಕಿನಿಂದ ಹೌಸಿಂಗಿಗೆ, ಅಲ್ಲಿಂದ ಸರಳಿಗೆ ಹತ್ತಿ ಅವರ ಕಿವಿಯಲ್ಲಿ ಸೀರೆ ನೇಯುತ್ತಿತ್ತು. “ಮಗ್ಗ ನಿಂತಾಗ ಹೇಳು, ಕೇಳತೇನಿ. ಅಲ್ಲೀತನಾ ಹೌದಂತೂ ಅನ್ನೂದಿಲ್ಲ, ಅಲ್ಲಂತೂ ಅನ್ನೂದಿಲ್ಲ” ಎಂದು ಗುಂಡಿಯಿಂದ ಮೇಲೆ ಬಂದರು.

ಇಲ್ಲಿಂದ ಮುಂದೆ, ಮಾನ್ಯರೇ, ನನ್ನ ಕಷ್ಟಕ್ಕೆ ತಾವು ನೇರ ಕಾರಣರಾಗುತ್ತೀರಿ.

ಊರ ಹೊರಗೆ ಕರೆದೊಯ್ದು ಕೇಳಿಸಬಾರದಿತ್ತೇ ಎಂದು ತಾವು ಕೇಳಬಹುದು. ಕರೆದೊಯ್ದೆ. ಮುಧೋಳ ರಸ್ತೆಯ ಬದಿಯಲ್ಲಿ ಅರವತ್ತಾರು ವರ್ಷದ ಜಕ್ಕಪ್ಪನವರು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ಸರಳು ಹಚ್ಚಿದರು. ಈಗ ಕಬ್ಬು ಸಾಗಿಸುವ ಕಾಲ. ಒಂದರ ಹಿಂದೆ ಒಂದು ಟ್ರ್ಯಾಕ್ಟರ್, ಒಂದೊಂದಕ್ಕೂ ಎರಡೆರಡು ಟ್ರೇಲರ್, ಆಳೆತ್ತರದ ಸ್ಪೀಕರು. ಮುಕ್ಕಾಲು ತಾಸು ಮಲಗಿ ಅವರಿಗೆ ಏಳು ಹಾಡು ಬಾಯಿಪಾಠವಾದವು, ಹೌಸಿಂಗಿನದೊಂದು ಕೇಳಲಿಲ್ಲ. ವಾರದ ರಜೆಯ ದಿನವಾದ ಮಂಗಳವಾರ ಮಗ್ಗ ನಿಲ್ಲುತ್ತವೆಯಲ್ಲ ಎಂದು ತಾವು ಅನ್ನಬಹುದು. ನಿಲ್ಲುತ್ತವೆ. ಅಂದು ಜಕ್ಕಪ್ಪನವರೂ ನಿಲ್ಲುತ್ತಾರೆ. ಮಗಳ ಊರಿಗೆ ಹೋದರೆ ಮರುದಿನವೇ ಬರುವುದು. ಹತ್ತು ನಿಮಿಷ ಮಗ್ಗ ನಿಲ್ಲಿಸಿರಿ ಎಂದು ಎರಡೂ ಶೆಡ್ಡಿನ ಮಾಲಕರಿಗೆ ಕೈಮುಗಿದೆ. ಬಲಗಡೆಯವರು ಎಡಗಡೆಯವರು ನಿಲ್ಲಿಸಿದರೆ ನಿಲ್ಲಿಸುತ್ತೇವೆ ಎಂದರು, ಎಡಗಡೆಯವರು ಬಲಗಡೆಯವರ ಹೆಸರು ಹೇಳಿದರು, ಇಬ್ಬರೂ ಚಹಾ ಕುಡಿಸಿ ಕಳಿಸಿದರು.

ಕೊನೆಗೆ ತಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ವೀರೇಶರು ಬಹಳ ಸಜ್ಜನರು, ನನ್ನ ಎರಡೂ ಅರ್ಜಿ ಓದಿ ಮೇಜಿನ ಮೇಲೆ ಇದ್ದಬದ್ದ ನಮೂನೆಗಳನ್ನೆಲ್ಲ ಹರಡಿ ತೋರಿಸಿದರು. ಹೊಸ ಮೀಟರಿಗೆ ಒಂದು, ಹೆಸರು ಬದಲಿಗೆ ಒಂದು, ಸುಟ್ಟ ಮೀಟರಿಗೆ ಒಂದು, ಕರೆಂಟ್ ಇಲ್ಲ ಎನ್ನುವ ದೂರಿಗೆ ಒಂದು. “ಹೋಗೈತಿ ಅಂತ ಬರ್ಕೊಡ್ರಿ, ಈಗ ತಗೋತೇನಿ. ಐತಿ ಅಂತ ದೂರ ತಗೋಳಾಕ ನಮ್ಮಲ್ಲಿ ಕಾಲಮ್ಮ ಇಲ್ರಿ” ಎಂದರು. ಹಾಗಾದರೆ ಹೋಗಿದೆ ಎಂದೇ ಬರೆದುಕೊಡಲೇ, ನೀವು ನೋಡಲು ಬಂದಾಗ ಹೋಗಿರುವಂತೆ ಮಾಡುವಿರಾ ಎಂದು ಕೇಳಿದೆ. ಅವರೂ ಚಹಾ ತರಿಸಿದರು. ನನ್ನ ಎರಡು ಅರ್ಜಿಗಳೂ, ಮೂರು ಲೋಟ ಚಹಾವೂ ಹೀಗೆ ಇತ್ಯರ್ಥವಾದವು.

ಭಾನುವಾರ ಬಂತು. ಮರುದಿನ ಬಾಳಾಸಾಹೇಬರ ಗಡುವು. ರಾಧಿಕಾ ಮಗ್ಗದ ಮೇಲಿದ್ದ ಸೀರೆಯನ್ನು ಬೇಗ ಮುಗಿಸಬೇಕೆಂದು ಬೆಳಿಗ್ಗೆಯಿಂದ ಎದ್ದಿರಲಿಲ್ಲ. ಮಗ್ಗ ಬಿಚ್ಚಿದರೆ ಅರ್ಧ ಸೀರೆ ಯಾರಿಗೆ ಬೇಕು ಎನ್ನುವುದು ಅವಳ ಚಿಂತೆ. ಅವಳ ತಾಯಿ ಹೊಳೆವ್ವನವರು ಗಲಗಲಿಯಿಂದ ಬಂದಿದ್ದರು, ಮಗಳಿಗೆ ಸಮಾಧಾನ ಹೇಳಲು ಬಂದವರು ಮಗ್ಗದ ಸದ್ದಿನಲ್ಲಿ ಹೇಳಲಾರದೆ ಹೊರಗೆ ಬಂದು ಜಕ್ಕಪ್ಪನವರ ಗುಂಡಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದರು. ಗಾಡಿ ಜಾಕಿನ ಮೇಲಿತ್ತು. ಸಂಜೆ ನಾಲ್ಕರ ಸುಮಾರಿಗೆ ಗಾಳಿ ಬೀಸಿ, ಯಾರದೋ ಅಂಗಳದ ಜರಿ ಎಳೆಗಳ ಕಸ ಮುದ್ದೆಯಾಗಿ ಹಾರಿ, ತಮ್ಮ ಟ್ರಾನ್ಸ್‌ಫಾರ್ಮರಿನ ಮೇಲೆ ಹೋಗಿ ಕೂತಿತು. ಢಂ ಎಂದಿತು. ನಾಲ್ಕೂವರೆ ತಿಂಗಳಲ್ಲಿ ಮೊದಲ ಸಲ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಇದರಲ್ಲಿ ತಮ್ಮ ತಪ್ಪು ಏನೇನೂ ಇಲ್ಲವೆಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಜಕ್ಕಪ್ಪನವರು ಆ ವಯಸ್ಸಿನಲ್ಲಿ ಗುಂಡಿಗೆ ಜಿಗಿದದ್ದನ್ನು ತಾವು ನೋಡಬೇಕಿತ್ತು. ಶೆಡ್ಡುಗಳಿಂದ ಹೊರಬಂದ ಮಂದಿ ಸುತ್ತ ಕೂಡಿದರು. ರಾಧಿಕಾಳೂ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು. ನಾನು ಗಾಲಿ ತಿರುಗಿಸಿದೆ, ಅವರು ಸರಳು ಹಚ್ಚಿ ಕಣ್ಣು ಮುಚ್ಚಿದರು. “ಬರಾಕತ್ತೈತಿ” ಎಂದರು. ರಾಧಿಕಾಳ ಮುಖ ಇಳಿಯಿತು. “ಗಾಲಿ ಹಿಡಿ” ಎಂದರು, ಹಿಡಿದೆ. “ಇನ್ನೂ ಬರಾಕತ್ತೈತಿ” ಎಂದರು. ಗಾಲಿ ನಿಂತಿದೆ, ಎಂಜಿನ್ ಬೆಳಿಗ್ಗೆಯಿಂದ ತಣ್ಣಗಿದೆ, ಬಿಸಿಗೆ ಹಾಡುತ್ತದೆ ಎಂದ ದುರಗೇಶ ಆಕಾಶ ನೋಡುತ್ತಿದ್ದಾನೆ. ಜಕ್ಕಪ್ಪನವರು ಸರಳನ್ನು ಹೌಸಿಂಗಿನಿಂದ ತೆಗೆದು ಗುಂಡಿಯ ಗೋಡೆಗೆ ಹಚ್ಚಿದರು. ಮೇಲೆ ಬಂದು ಬೇವಿನ ಮರಕ್ಕೆ ಹಚ್ಚಿದರು. ಆಮೇಲೆ ಹೊಳೆವ್ವನವರು ಕುಳಿತ ಕಟ್ಟೆಗೆ ಹಚ್ಚಿ ಬಹಳ ಹೊತ್ತು ಕೇಳಿ, ನನ್ನ ಕಡೆ ತಿರುಗಿ, “ಸಾತಪ್ಪಾ, ಈ ಕಟ್ಟೀ ಕ್ರೌನ್ ಪಿನಿಯನ್ನೂ ಹೋಗೈತಿ ನೋಡಪಾ” ಎಂದರು.

ಯಾರೂ ನಗಲಿಲ್ಲ. ಸರಳು ಕೈಯಿಂದ ಕೈಗೆ ಹೋಯಿತು. ದುರಗೇಶ ಕೇಳಿದ, ನಾನು ಕೇಳಿದೆ, ಶೆಡ್ಡಿನ ಆರೇಳು ಮಂದಿ ಕೇಳಿದರು, ರಾಧಿಕಾ ಕೇಳಿದಳು. ಕಟ್ಟೆಗೆ ಹಚ್ಚಿದರೂ ಗುಂಯ್, ಮರಕ್ಕೆ ಹಚ್ಚಿದರೂ ಗುಂಯ್, ಗಾಳಿಯಲ್ಲಿ ಹಿಡಿದರೂ ಗುಂಯ್. ಎಲ್ಲರಿಗೂ ಎಲ್ಲದರಲ್ಲೂ ಅದೇ ಒಂದು ಸಪ್ಪಳ. ಕೊನೆಗೆ ಜಕ್ಕಪ್ಪನವರು ಸರಳನ್ನು ಹೊಳೆವ್ವನವರ ಕೈಗೆ ಕೊಟ್ಟರು. ಎಪ್ಪತ್ತು ದಾಟಿದ ಆ ಮುದುಕಿ, ಜನ್ಮವೆಲ್ಲ ಹೊಳೆದಂಡೆಯಲ್ಲಿ ಕಳೆದಾಕೆ, ಹೌಸಿಂಗಿಗೆ ಸರಳು ಹಚ್ಚಿ ಗಾಲಿ ತಿರುಗಿಸಲು ಹೇಳಿ, ಎರಡೂ ಕಿವಿಯಲ್ಲಿ ಸರದಿಯಂತೆ ಕೇಳಿ, “ಏನ ಕೇಳಬೇಕ ಇದರಾಗ? ಏನೂ ಇಲ್ಲಲಾ. ಎಣ್ಣಿ ಹಚ್ಚಿದ ಬಾಗಲಾ ತೆರದಂಗ ತಿರಗತೈತಿ” ಎಂದರು. ಆಮೇಲೆ, ಇಷ್ಟು ಮಂದಿ ಏಕೆ ಕಂಗಾಲಾಗಿ ನಿಂತಿದ್ದಾರೆ ಎಂದು ತಿಳಿಯದೆ, ಮೇಲೆ ಕೈ ತೋರಿಸಿದರು: “ಅಲ್ಲಿ ತಂತಿ ಮ್ಯಾಲ ಗುಬ್ಬಿ ಒಂದ ಸಮ ಒದರಾಕತ್ತೈತಿ, ಬೇಕಾರ ಅದನ್ನ ಕೇಳ್ರಿ.”

ನಾವು ಅಷ್ಟೂ ಮಂದಿ ತಲೆ ಎತ್ತಿ ನೋಡಿದೆವು. ಆಚೆ ಕಂಬದ ತಂತಿಯ ಮೇಲೆ ಗುಬ್ಬಿ ಕುಳಿತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ಹೆಂಗ ಒದರತೈತಿ ಯವ್ವಾ” ಎಂದು ರಾಧಿಕಾ ಕೇಳಿದಳು. ಹೊಳೆವ್ವನವರು ಮಗಳ ಮುಖ ನೋಡಿದರು, ನಮ್ಮೆಲ್ಲರ ಮುಖ ನೋಡಿದರು. ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತಮ್ಮ ಲೈನ್‌ಮನ್ನರು ಅತ್ಯಂತ ಶ್ಲಾಘನೀಯ ವೇಗದಲ್ಲಿ ಬಂದು ಫ್ಯೂಜು ಹಾಕಿದರು, ಹನ್ನೊಂದೇ ನಿಮಿಷದಲ್ಲಿ ಓಣಿಯ ಮಗ್ಗಗಳೆಲ್ಲ ಮತ್ತೆ ಶುರುವಾದವು. ಆ ಮುದುಕಿ ಏನು ಹೇಳಿದರೋ ಯಾರಿಗೂ ಕೇಳಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದೆ ಗಾಲಿಗೆ ಒಂದು ಒದೆ ಕೊಟ್ಟೆ. ಪಾಪ, ಅದು ಎಂದಿನಂತೆ ಸುಮ್ಮನೆ ತಿರುಗಿತು.

ಬಾಳಾಸಾಹೇಬರಿಗೆ ಹೌಸಿಂಗ್ ಬೇಡವೆಂದು ತಿಳಿಸಿದ್ದೇನೆ, ಫೋನಿನಲ್ಲಿ ಅವರು ಕೇಳಿದ ಸಪ್ಪಳ ಯಾವುದೆಂದು ಮಾತ್ರ ಇನ್ನೂ ಕೇಳಿಲ್ಲ. ಹೊಸ ಸೀಲು ಹಾಕಿಸಿ ಗಾಡಿ ಓಡಿಸುತ್ತಿದ್ದೇನೆ. ರಾಧಿಕಾಳ ಮಗ್ಗ ಉಳಿಯಿತು. ಅವಳು ಅದೇ ಸಂಜೆ ಸೀರೆ ಮುಗಿಸಿ ಹೊಸ ಬೀಮು ಏರಿಸಿದಳು, ನಾನು ಹತ್ತಿರ ನಿಂತು ಎಣ್ಣೆ ಬಿಟ್ಟೆ. ಆ ವಾರವೇ ಇಬ್ಬರೂ ಜಮಖಂಡಿಯ ದವಾಖಾನೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆವು. ಡಾಕ್ಟರ್ ಮಧುಮತಿ ಅವರು ಯಂತ್ರ ಹಚ್ಚಿ ನೋಡಿ, “ಗುಂಯ್ ಅನ್ನೂದು ಮಗ್ಗದ ಸದ್ದಿಗೆ ಸವದ ಕಿವೀದು. ಹೋದದ್ದು ಬರೂದಿಲ್ಲ, ಇದ್ದದ್ದು ಉಳಸ್ಕೋರಿ. ಕಿವಿಗೆ ಬಿರಡಿ ಹಾಕ್ಕೋರಿ, ನಡುನಡುವ ಬಿಡುವು ಕೊಡ್ರಿ” ಎಂದರು. ನನ್ನದು ಬಹಳ ಹೋಗಿದೆಯಂತೆ. ರಾಧಿಕಾಳದು ಇನ್ನೂ ಅಷ್ಟು ಹೋಗಿಲ್ಲವಂತೆ, ಇನ್ನೂ ಇದೆಯಂತೆ. ಇದನ್ನು ಬರೆಯುವಾಗಲೂ ಮುಂದಿನ ಕೋಣೆಯಲ್ಲಿ ಅವಳ ಮಗ್ಗ ನಡೆದಿದೆ. ನಿಲ್ಲಿಸು ಎಂದು ನಾನು ಯಾವ ಬಾಯಿಂದ ಹೇಳಲಿ? ಮೊನ್ನೆಯಷ್ಟೇ ಅದನ್ನು ಉಳಿಸಲು ಓಡಾಡಿದವನು ನಾನೇ. ನಿಲ್ಲಿಸು ಎಂದರೆ ಅವಳು ಕೇಳುವವಳೂ ಅಲ್ಲ. ಕರೆಂಟ್ ಹೋದರೆ ಮಾತ್ರ ಏಳುತ್ತಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹನ್ನೊಂದು ನಿಮಿಷ, ನಮ್ಮ ಓಣಿಯ ಕರೆಂಟನ್ನು ದಯವಿಟ್ಟು ತೆಗೆಯಬೇಕು. ಕಾರಣಕ್ಕೆ ಮೋಡ, ಗಾಳಿ, ಜರಿಕಸ, ಹಿಂದಿನ ಅಧಿಕಾರಿಗಳು ಬಳಸುತ್ತಿದ್ದ ಯಾವುದನ್ನಾದರೂ ಬರೆದುಕೊಳ್ಳಬಹುದು. ಬಲಗಡೆಯವರೂ ಎಡಗಡೆಯವರೂ ತಮ್ಮನ್ನು ಬೈಯುತ್ತಾರೆ, ನಾನೂ ಅವರ ಜೊತೆ ನಿಂತು ಲೋಕರೂಢಿಗೆ ಎರಡು ಮಾತು ಬೈಯುತ್ತೇನೆ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಆ ಹನ್ನೊಂದು ನಿಮಿಷಕ್ಕೆ ಬಿಲ್ಲಿನಲ್ಲಿ ಬೇರೆ ಕಾಲಮ್ಮು ತೆರೆದು ಇಷ್ಟೆಂದು ಹಚ್ಚಿದರೂ ಕಟ್ಟುತ್ತೇನೆ. ವೀರೇಶರಿಗೆ ಹೇಳಿ ಹೊಸದೊಂದು ನಮೂನೆ ಅಚ್ಚು ಹಾಕಿಸಿದರೆ ಮೊದಲ ಸಹಿ ನನ್ನದು. ಎಲ್ಲ ದಿನವೂ ಆಗದಿದ್ದರೆ ಗುರುವಾರ ಸಂಜೆಯಾದರೂ ಆಗಬೇಕು, ಅಂದು ಹೊಳೆವ್ವನವರು ಗಲಗಲಿಯಿಂದ ಬರುತ್ತಾರೆ, ಮಗಳಿಗೆ ಏನೋ ಹೇಳುವುದು ಬಾಕಿ ಇದೆ.

ತಮ್ಮ ಕರೆಂಟನ್ನೂ ಅದು ಹೋಗುವುದನ್ನೂ ಸಮನಾಗಿ ನಂಬಿರುವ,
ತಮ್ಮ ವಿಶ್ವಾಸಿ,
ಸಾತಪ್ಪ

ತಾ.ಕ.: ತಮ್ಮ ವಸತಿಗೃಹ ನಮ್ಮ ಓಣಿಯ ಹಿಂದುಗಡೆಯೇ ಇದ್ದು, ತಾವು ಇಲ್ಲಿಗೆ ಬಂದು ಐದು ತಿಂಗಳಾಯಿತು ಎಂದು ತಿಳಿಯಿತು. ವಾರದ ರಜೆಯ ದಿನ ಮಗ್ಗ ನಿಂತಾಗ, ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ಬಂದ್ ಮಾಡಿ, ಒಬ್ಬರೇ ಕುಳಿತು ನೋಡಿರಿ. ಏನೂ ಕೇಳದಿದ್ದರೆ ಬೇಗ ವರ್ಗ ಮಾಡಿಸಿಕೊಳ್ಳಿರಿ. ಗುಂಯ್ ಎಂದು ಕೇಳಿದರೆ ಗಾಬರಿಯಾಗಬೇಡಿ, ಜಮಖಂಡಿಗೆ ಹೋಗಿ ಯಾವ ಸಾಮಾನೂ ತರಬೇಡಿ, ನಮ್ಮ ಮನೆಗೆ ಚಹಾಕ್ಕೆ ಬನ್ನಿರಿ. ಬರುವುದನ್ನು ಮಾತ್ರ ಕಾಗದದಲ್ಲಿ ಬರೆದು ತಿಳಿಸಿರಿ. ಫೋನು ಮಾಡಿದರೆ ನಮ್ಮ ಮನೆಯಲ್ಲಿ ಯಾರಿಗೂ ಕೇಳುವುದಿಲ್ಲ.